ಹಾವಿನ ವಿಷ, ಕುದುರೆಯ ರಕ್ತ

ಹಾವು ಕಚ್ಚಿದವರಿಗೆ ಆಸ್ಪತ್ರೆಯಲ್ಲಿ ಕೊಡುವ ಮದ್ದನ್ನು ಕಣ್ಣಾರೆ ಕಂಡವರು ಕಡಿಮೆ. ಅದೊಂದು ಪುಟ್ಟ ಸೀಸೆ. ಸಾಮಾನ್ಯವಾಗಿ ಒಳಗಿರುವುದು ಒಂದಿಷ್ಟು ಬಿಳಿಯ ಪುಡಿ. ಹತ್ತು ಮಿಲಿಲೀಟರು ಶುದ್ಧಜಲದಲ್ಲಿ ಅದನ್ನು ಕರಗಿಸಿ ರಕ್ತನಾಳದೊಳಕ್ಕೆ ಇಳಿಸುತ್ತಾರೆ. ಈ ಪುಡಿ ಗಿಡಮೂಲಿಕೆಯ ಸಾರವಲ್ಲ, ರಸಾಯನಶಾಲೆಯಲ್ಲಿ ಕೂಡಿಸಿದ ಲವಣವೂ ಅಲ್ಲ. ಅದು ಕುದುರೆಯ ರಕ್ತದಿಂದ ಬಂದದ್ದು. ಹಾವಿಗೂ ಮನುಷ್ಯನಿಗೂ ನಡುವೆ ಈ ಸಾಧುಪ್ರಾಣಿ ಬಂದು ನಿಂತು ಸುಮಾರು 130 ವರ್ಷಗಳಾದವು. ಅದನ್ನು ಆ ಊಳಿಗದಿಂದ ಬಿಡುಗಡೆ ಮಾಡುವ ದಾರಿಗಳು ಈಚಿನ ಎರಡು ಮೂರು ವರ್ಷಗಳಲ್ಲಷ್ಟೇ ಗೋಚರಿಸತೊಡಗಿವೆ.

1890ರ ದಶಕದ ಆರಂಭದಲ್ಲಿ ಸೈಗಾನಿನ ಬಳಿಯ ಹಳ್ಳಿಯೊಂದಕ್ಕೆ ನೆರೆ ಬಂದು, ನೀರಿನೊಡನೆ ನಾಗರಹಾವುಗಳೂ ನುಗ್ಗಿದವು. ಹಲವರು ಕಚ್ಚಿಸಿಕೊಂಡರು. ಅಲ್ಲಿದ್ದ ಫ್ರೆಂಚ್ ವೈದ್ಯ ಆಲ್ಬರ್ಟ್ ಕಾಲ್ಮೆಟ್ ಆಗ ವಿಷದ ಬೆನ್ನುಹತ್ತಿದ. ಕ್ಷಯಕ್ಕೆ ಹಾಕುವ ಬಿ.ಸಿ.ಜಿ. ಲಸಿಕೆಯ ಹೆಸರಿನ ನಡುವಣ ಅಕ್ಷರ ಈತನದೇ. ಅಣುಮಾತ್ರದ ವಿಷವನ್ನು ಪ್ರಾಣಿಯ ಮೈಗೆ ಚುಚ್ಚಿ, ದಿನ ಕಳೆದಂತೆ ಪ್ರಮಾಣ ಏರಿಸುತ್ತ ಹೋದರೆ, ಅದರ ರಕ್ತದಲ್ಲಿ ವಿಷವನ್ನು ಹಿಡಿದುಕೊಳ್ಳುವ ಪ್ರತಿಕಾಯಗಳು ಹುಟ್ಟುತ್ತವೆ; ಆ ರಕ್ತದ ರಸ ಬೇರೊಬ್ಬರ ಜೀವವನ್ನೂ ಉಳಿಸೀತು. ತನ್ನ ನಾಗರಹಾವಿನ ಮದ್ದು ಎಲ್ಲ ಹಾವುಗಳಿಗೂ ಸಾಕು ಎಂದೇ ಕಾಲ್ಮೆಟ್ ನಂಬಿದ್ದ. ಹಾಗಲ್ಲ, ಆಯಾ ಹಾವಿಗೆ ಆಯಾ ಮದ್ದೇ ಬೇಕು ಎಂದು ದಕ್ಷಿಣ ಅಮೆರಿಕದಲ್ಲಿ ವಿಟಾಲ್ ಬ್ರಜಿಲ್ ಎಂಬ ವೈದ್ಯ ತೋರಿಸಿಕೊಟ್ಟ. ಈ ಜಗಳ ಹಳೆಯದೆಂದು ಭಾವಿಸಬೇಡಿ. ಇಂದಿಗೂ ಅದೇ ನಮ್ಮ ತೊಡಕು.

ನಮ್ಮ ದೇಶದಲ್ಲಿ ಮದ್ದು ತಯಾರಾಗುವುದು ನಾಲ್ಕು ಹಾವುಗಳನ್ನು ಲೆಕ್ಕಕ್ಕೆ ಹಿಡಿದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಮದ್ರಾಸಿನ ಬಳಿ ವಡನೆಮ್ಮೇಲಿಯಲ್ಲಿ ಇರುಳ ಜನಾಂಗದವರು 1978ರಲ್ಲಿ ಕಟ್ಟಿಕೊಂಡ ಸಹಕಾರ ಸಂಘವುಂಟು. ಹಿಂದೆ ಹಾವಿನ ಚರ್ಮ ಮಾರಿ ಬದುಕುತ್ತಿದ್ದವರು ಈಗ ಹಾವು ಹಿಡಿದು, ವಿಷ ಹಿಂಡಿ, ಮರಳಿ ಕಾಡಿಗೆ ಬಿಡುತ್ತಾರೆ. ಕಾರ್ಖಾನೆಗಳಿಗೆ ವಿಷ ಬಹುಕಾಲದಿಂದ ಬಹುಮಟ್ಟಿಗೆ ಅಲ್ಲಿಂದಲೇ ಹೋಗಿದೆ. ಆ ಕಸುಬಿನ ಕೈಚಳಕಕ್ಕೆ ನಾವು ಎಷ್ಟು ಋಣಿಗಳೋ!

ಆದರೆ ಒಂದೇ ಸೀಮೆಯ ವಿಷಕ್ಕೆ ಮಣಿದ ಕುದುರೆಯ ರಕ್ತ ದೇಶಕ್ಕೆಲ್ಲ ಸಾಕಾದೀತೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕೈಗೆತ್ತಿಕೊಂಡ ಪ್ರಶ್ನೆ ಇದು. ವಿಷವೆಂಬುದು ಒಂದೇ ವಸ್ತುವಲ್ಲ, ಹತ್ತಾರು ಪ್ರೋಟೀನುಗಳ ಕಲಬೆರಕೆ. ನಾಗರಹಾವಿನ ವಿಷದ ಮುಖ್ಯಾಂಶಗಳು ನರ ಸ್ನಾಯುವಿಗೆ ಕಳಿಸುವ ಅಪ್ಪಣೆಯನ್ನು ತಡೆಯುತ್ತವೆ. ರೆಪ್ಪೆ ಜೋತು, ಕೊನೆಗೆ ಉಸಿರಾಟವೇ ನಿಲ್ಲುತ್ತದೆ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟಿಸುವ ಸಾಮಗ್ರಿಯನ್ನೆಲ್ಲ ದುಂದುಮಾಡಿ ಮುಗಿಸಿಬಿಡುತ್ತದೆ. ಆಮೇಲೆ ರಕ್ತ ಕಟ್ಟುವುದೇ ಇಲ್ಲ. ವೈದ್ಯರು ಒಣಗಿದ ಗಾಜಿನ ನಳಿಗೆಯಲ್ಲಿ ಒಂದಿಷ್ಟು ರಕ್ತ ಹಿಡಿದು, ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡುತ್ತಾರೆ. ನೀರಿನಂತೆ ಹರಿದರೆ ಮಂಡಲದ ವಿಷ ಏರಿದೆ ಎಂದರ್ಥ. ಇಷ್ಟು ಸರಳವಾದ, ಇಷ್ಟು ಅಗ್ಗವಾದ ಪರೀಕ್ಷೆ ವೈದ್ಯಶಾಸ್ತ್ರದಲ್ಲಿ ವಿರಳ.

ಈ ಕಲಬೆರಕೆ ಊರಿಂದೂರಿಗೆ, ಹವೆಯಿಂದ ಹವೆಗೆ, ಹಾವಿನ ವಯಸ್ಸಿನಿಂದ ವಯಸ್ಸಿಗೆ ಬದಲಾಗುತ್ತದೆ ಎಂದು ಬೆಂಗಳೂರಿನವರ ಅಧ್ಯಯನಗಳು ತೋರಿಸಿವೆ. ಒಂದೇ ಜಾತಿಯ ಕೊಳಕುಮಂಡಲವಾದರೂ ಕೆಲವು ಸೀಮೆಗಳ ವಿಷಕ್ಕೆ ಪೇಟೆಯ ಮದ್ದು ಸೋಲುತ್ತದೆ. ಇನ್ನು ನಾಲ್ವರ ಪಟ್ಟಿಗೆ ಸೇರದ ಹಾವುಗಳ ಗತಿಯೇನು? ಮಲೆನಾಡಿನ ಕಾಳಿಂಗವನ್ನೇ ನೋಡಿ. ಪೂರ್ವ ಏಷ್ಯದವರೆಗೂ ಹಬ್ಬಿದ ಒಂದೇ ಜಾತಿ ಎಂದು ಎಣಿಸಿದ್ದ ಅದು ವಾಸ್ತವದಲ್ಲಿ ನಾಲ್ಕು ಜಾತಿ ಎಂದು 2024ರಲ್ಲಿ ನಿರ್ಣಯವಾಯಿತು. ಪಶ್ಚಿಮಘಟ್ಟದ ಜಾತಿಗೆ ಶಾಸ್ತ್ರೀಯ ನಾಮದಲ್ಲಿಯೂ ನಮ್ಮ ‘ಕಾಳಿಂಗ’ ಎಂಬ ಮಾತೇ ಸಂದಿತು. ಹೆಸರು ಕನ್ನಡದ್ದಾಯಿತು, ಸಂತೋಷ. ನಮ್ಮ ನಾಲ್ಕು ಹಾವುಗಳ ಸೀಸೆಯಲ್ಲಿ ಮಾತ್ರ ಅದಕ್ಕೆ ಉತ್ತರವಿಲ್ಲ.

ಕುದುರೆಯ ರಕ್ತದಲ್ಲಿ ಇನ್ನೊಂದು ಕುಂದುಂಟು. ಆ ಪ್ರಾಣಿ ತನ್ನ ಬಾಳಿನಲ್ಲಿ ಎದುರಿಸಿದ ಎಲ್ಲ ರೋಗಗಳ ನೆನಪೂ ಆ ರಕ್ತದಲ್ಲಿ ಇರುತ್ತದೆ. ವಿಷಕ್ಕೆ ತಾಗುವ ಪ್ರತಿಕಾಯಗಳು ಅದರಲ್ಲೊಂದು ಸಣ್ಣ ಪಾಲು ಮಾತ್ರ. ಆದ್ದರಿಂದಲೇ ಒಂದೆರಡು ಸೀಸೆ ಸಾಲದೆ ಎಂಟು ಹತ್ತು ಸೀಸೆಯಿಂದ ಆರಂಭಿಸಬೇಕಾಗುತ್ತದೆ. ಅನ್ಯಪ್ರಾಣಿಯ ಪ್ರೋಟೀನನ್ನು ಕೆಲವರ ಮೈ ಒಲ್ಲದು. ನಡುಕ, ದದ್ದು, ಒಮ್ಮೊಮ್ಮೆ ಪ್ರಾಣಕ್ಕೇ ಸಂಚಕಾರ.

ಈಗಿನ ಹೊಸ ದಾರಿಗಳು ವಿಷದ ಮೂಲ ಆಕಾರದ ಕಡೆಗೆ ತಿರುಗಿವೆ. ನಾಗರ, ಕಟ್ಟುಹಾವು, ಆಫ್ರಿಕದ ಮಾಂಬಾ ಇವುಗಳ ನರವಿಷಗಳಲ್ಲಿ ಮೂರು ಬೆರಳು ಚಾಚಿದಂತಿರುವ ಒಂದು ಬಗೆಯ ಪ್ರೋಟೀನು ಸಮಾನವಾಗಿದೆ. ಹಾವು ನೂರಿದ್ದರೂ ಬೆರಳ ಮಾಟ ಒಂದೇ. ಅಮೆರಿಕ, ಇಂಗ್ಲೆಂಡ್ ಮತ್ತು ಬೆಂಗಳೂರಿನ ವಿಜ್ಞಾನಿಗಳು ಕೂಡಿ ಆ ಬೆರಳನ್ನು ಹಿಡಿಯಬಲ್ಲ ಪ್ರತಿಕಾಯವೊಂದನ್ನು ಮಾನವ ಪ್ರತಿಕಾಯಗಳ ಕೃತಕ ಭಂಡಾರದಿಂದ ಹೆಕ್ಕಿ 2024ರಲ್ಲಿ ಪ್ರಕಟಿಸಿದರು. 2025ರ ಜನವರಿಯಲ್ಲಿ ಡೇವಿಡ್ ಬೇಕರ್ ಮತ್ತು ಸಂಗಡಿಗರು ಪ್ರಕೃತಿಯಲ್ಲಿ ಇಲ್ಲದ ಪುಟ್ಟ ಪ್ರೋಟೀನುಗಳನ್ನು ಕಂಪ್ಯೂಟರಿನಲ್ಲಿಯೇ ರೂಪಿಸಿ, ಇಲಿಗಳನ್ನು ಈ ವಿಷದಿಂದ ಉಳಿಸಿದರು. ಇಂಥ ಪ್ರೋಟೀನು ರೂಪಿಸುವ ವಿದ್ಯೆಗಾಗಿಯೇ ಬೇಕರ್‌ಗೆ ಅದಕ್ಕೆ ಹಿಂದಿನ ವರ್ಷ ನೊಬೆಲ್ ಬಂದಿತ್ತು. ಅದೇ 2025ರ ಮೇ ತಿಂಗಳಲ್ಲಿ ಇನ್ನೊಂದು ಸುದ್ದಿ: ಹದಿನೆಂಟು ವರ್ಷ ಕಾಲ ತನ್ನ ಮೈಗೆ ತಾನೇ ವಿಷ ಏರಿಸಿಕೊಂಡು, ಇನ್ನೂರಕ್ಕೂ ಹೆಚ್ಚು ಸಲ ಹಾವಿನಿಂದ ಕಚ್ಚಿಸಿಕೊಂಡ ಅಮೆರಿಕದವನೊಬ್ಬನ ರಕ್ತದಿಂದ ಎರಡು ಪ್ರತಿಕಾಯಗಳನ್ನು ತೆಗೆದು, ಜೊತೆಗೆ ಒಂದು ರಾಸಾಯನಿಕ ಔಷಧ ಸೇರಿಸಿ ಇಲಿಗಳ ಮೇಲೆ ಪ್ರಯೋಗಿಸಿದಾಗ, 19 ಹಾವುಗಳ ಪೈಕಿ 13ರ ವಿಷಕ್ಕೆ ಪೂರ್ಣ ರಕ್ಷಣೆ ದೊರೆಯಿತು. ಆತನನ್ನು ಯಾರೂ ಅನುಕರಿಸಬಾರದೆಂದು ಸಂಶೋಧಕರೇ ಎಚ್ಚರಿಸಿದ್ದಾರೆ. ನಾನೂ ಅದಕ್ಕೆ ದನಿಗೂಡಿಸುತ್ತೇನೆ.

ಹಿಗ್ಗುವ ಮೊದಲು ಎರಡು ಮಾತು. ಇವೆಲ್ಲ ಇಲಿಯ ಮೇಲಿನ ಗೆಲುವುಗಳು. ಮತ್ತು ಎಲ್ಲವೂ ನಾಗರ ಕುಲಕ್ಕೆ ಸಂಬಂಧಿಸಿದವು. ನಮ್ಮ ಹೊಲಗಳಲ್ಲಿ ಅತಿಯಾಗಿ ಕಾಡುವ ಮಂಡಲಗಳ ವಿಷ ಈ ಬೆರಳಿನ ಲೆಕ್ಕಕ್ಕೆ ಸಿಗುವುದಿಲ್ಲ.

ಮನೆಮನೆಗೂ ಹೋಗಿ ಸಾವಿನ ಕಾರಣ ವಿಚಾರಿಸಿದ ಸಮೀಕ್ಷೆಯೊಂದರ ಆಧಾರದಿಂದ 2020ರಲ್ಲಿ ಪ್ರಕಟವಾದ ಅಂದಾಜಿನಂತೆ, 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ. ವರ್ಷಕ್ಕೆ ಸರಾಸರಿ 58,000. ಅರ್ಧದಷ್ಟು ಸಾವು ಮುಂಗಾರಿನ ನಾಲ್ಕು ತಿಂಗಳಲ್ಲಿ; ಕಾಲುಭಾಗ ಹದಿನೈದು ತುಂಬದ ಮಕ್ಕಳು. ಹೆಚ್ಚಿನವರು ಸತ್ತದ್ದು ಮನೆಯಲ್ಲಿಯೇ. ಅಂದರೆ ಇಂದಿನ ಅರೆಕೊರೆಯ ಮದ್ದೂ ಅವರನ್ನು ಮುಟ್ಟಲಿಲ್ಲ. ನೆಲದ ಮೇಲೆ ಮಲಗಿದವರನ್ನು ಕಟ್ಟುಹಾವು ರಾತ್ರಿ ಕಚ್ಚಿದರೆ ಹಲವೊಮ್ಮೆ ನೋವೂ ಇಲ್ಲ, ಗುರುತೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವರಿಗೆ ಕಷಾಯ ಕುಡಿಸುತ್ತ ಹೊತ್ತು ಕಳೆಯುತ್ತದೆ. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಇವೆಲ್ಲ ಕೇಡೇ ಹೊರತು ಉಪಕಾರವಿಲ್ಲ. ಕಚ್ಚಿದ ಅಂಗವನ್ನು ಅಲುಗಿಸದೆ ಆಸ್ಪತ್ರೆಗೆ ಹೊತ್ತೊಯ್ಯಬೇಕು. ಮಗುವಾದರೂ ಮದ್ದಿನ ಪ್ರಮಾಣ ದೊಡ್ಡವರಷ್ಟೇ. ಹಾವು ಆಳು ನೋಡಿ ವಿಷ ಅಳೆದು ಹಾಕುವುದಿಲ್ಲ.

2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಸಾಲಿಗೆ ಸೇರಿಸಿತು. ಖಾಸಗಿ ಆಸ್ಪತ್ರೆಗೂ ಈ ನಿಯಮ ಅನ್ವಯ. ಯಾವ ತಾಲ್ಲೂಕಿನಲ್ಲಿ, ಯಾವ ತಿಂಗಳು, ಎಷ್ಟು ಸೀಸೆ ಇಟ್ಟಿರಬೇಕೆಂಬ ಲೆಕ್ಕವನ್ನು ಹಾಕಲು ಬೇಕಾದ ಅಂಕಿಗಳು ಆ ಪುಸ್ತಕಗಳಲ್ಲಿ ಈಗಷ್ಟೇ ಕೂಡಿಬರತೊಡಗಿವೆ.