ಅನಂತ ಪೈ ಮತ್ತು ಪ್ರಾಣ್: ಮಕ್ಕಳ ಕಪಾಟಿಗೆ ಯಾರ ಚಿತ್ರಕಥೆ?



ಸಂಘದ ವಾಚನಾಲಯದಲ್ಲಿ ಮಕ್ಕಳಿಗಾಗಿ ಒಂದು ಕಪಾಟು ಇಡಬೇಕು, ಅದರಲ್ಲಿ ಚಿತ್ರಕಥೆ ಪುಸ್ತಕಗಳು ಇರಬೇಕು ಎಂಬ ಸಲಹೆ ಬಂದಿದೆ. ಸಲಹೆ ಬಂದ ಕೂಡಲೇ ಎರಡು ಪಕ್ಷವೂ ಆಯಿತು. ‘ಕೊಂಡರೆ ಅಮರ ಚಿತ್ರ ಕಥೆ ಕೊಳ್ಳಿ, ಮಕ್ಕಳಿಗೆ ಪುರಾಣ, ಇತಿಹಾಸ ತಿಳಿಯಲಿ’ ಎನ್ನುವವರು ಒಂದು ಕಡೆ. ‘ಪಾಠ ಶಾಲೆಯಲ್ಲೇ ಬೇಕಾದಷ್ಟಿದೆ, ಚಾಚಾ ಚೌಧರಿ ತನ್ನಿ, ಮಕ್ಕಳು ನಗುತ್ತಾ ಓದಲಿ’ ಎನ್ನುವವರು ಇನ್ನೊಂದು ಕಡೆ. ನಮ್ಮಲ್ಲಿ ಇರುವ ಹಣ ಸ್ವಲ್ಪ. ಆದ್ದರಿಂದ ಸಭೆಯಲ್ಲಿ ಕೈ ಎತ್ತುವ ಮುನ್ನ ಈ ಇಬ್ಬರ ಕೆಲಸ ಏನು, ಎಲ್ಲಿ ಬೇರೆ, ಎಲ್ಲಿ ಒಂದು ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಕಚೇರಿಯಲ್ಲಿ ಕಡತಕ್ಕೆ ಟಿಪ್ಪಣಿ ಬರೆದು ಬಂದ ಕೈ ನನ್ನದು. ಅದೇ ಕ್ರಮದಲ್ಲಿ ವಿಷಯವನ್ನು ಒಂದೊಂದಾಗಿ ಇಡುತ್ತಿದ್ದೇನೆ.

ಇಬ್ಬರನ್ನು ಎದುರಾಳಿಗಳು ಎನ್ನುವಾಗ ಅದು ವೈಯಕ್ತಿಕ ಜಗಳದ ಮಾತಲ್ಲ. ಬಸ್ ನಿಲ್ದಾಣದ, ರೈಲ್ವೆ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಒಂದೇ ಮಗುವಿನ ಕೈಯಲ್ಲಿರುವ ಒಂದೇ ನಾಣ್ಯಕ್ಕೆ ಇಬ್ಬರ ಪುಸ್ತಕಗಳೂ ಕಾದು ನಿಂತಿದ್ದವು, ಅಷ್ಟೆ.

ಇಬ್ಬರೂ ಬಂದ ದಾರಿ

ಅನಂತ ಪೈ ಹುಟ್ಟಿದ್ದು 1929ರ ಸೆಪ್ಟೆಂಬರ್ 17ರಂದು, ನಮ್ಮ ಕಾರ್ಕಳದಲ್ಲಿ. ಎರಡು ವರ್ಷದ ಮಗುವಾಗಿದ್ದಾಗಲೇ ತಂದೆ ತಾಯಿಯನ್ನು ಕಳೆದುಕೊಂಡರು. ಹನ್ನೆರಡನೆಯ ವಯಸ್ಸಿನಲ್ಲಿ ಮುಂಬಯಿ ಸೇರಿದರು. ಓದಿದ್ದು ರಸಾಯನ ತಂತ್ರಜ್ಞಾನ. ಮನಸ್ಸು ಇದ್ದದ್ದು ಮಕ್ಕಳ ಪುಸ್ತಕದಲ್ಲಿ. 1954ರಲ್ಲಿ ‘ಮಾನವ್’ ಎಂಬ ಮಕ್ಕಳ ಪತ್ರಿಕೆ ಹೊರಡಿಸಿದರು, ಅದು ನಿಲ್ಲಲಿಲ್ಲ. ಆಮೇಲೆ ಟೈಮ್ಸ್ ಆಫ್ ಇಂಡಿಯಾದ ಪುಸ್ತಕ ವಿಭಾಗ ಸೇರಿದರು. 1964ರಲ್ಲಿ ಅಲ್ಲಿಂದ ಇಂದ್ರಜಾಲ ಕಾಮಿಕ್ಸ್ ಹೊರಟಾಗ ಅದರ ಹಿಂದೆ ಅವರ ಶ್ರಮವೂ ಇತ್ತು. ಅದರಲ್ಲಿ ಬರುತ್ತಿದ್ದದ್ದು ಅಮೆರಿಕದ ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್.

1967ರಲ್ಲಿ ದೆಹಲಿಯಲ್ಲಿ ದೂರದರ್ಶನದ ಒಂದು ರಸಪ್ರಶ್ನೆ ಕಾರ್ಯಕ್ರಮ ನೋಡಿದ್ದನ್ನು ಪೈ ಅವರೇ ಮತ್ತೆ ಮತ್ತೆ ಹೇಳುತ್ತಿದ್ದರು. ಗ್ರೀಕ್ ದೇವತೆಗಳ ಪ್ರಶ್ನೆಗೆ ಥಟ್ಟನೆ ಉತ್ತರಿಸಿದ ವಿದ್ಯಾರ್ಥಿಗಳಿಗೆ ರಾಮನ ತಾಯಿಯ ಹೆಸರು ಹೇಳಲು ಆಗಲಿಲ್ಲವಂತೆ. ಮುಂದೆ ಅವರು ಇಂಡಿಯಾ ಬುಕ್ ಹೌಸ್ ಮೂಲಕ ಅಮರ ಚಿತ್ರ ಕಥೆಯ ಸಂಪಾದಕರಾದರು. ಈ ಮಾಲೆಯ ಮೊದಲ ಹತ್ತು ಪುಸ್ತಕಗಳು ಪರದೇಶದ ಕಿನ್ನರಕಥೆಗಳು. ಹನ್ನೊಂದನೆಯದು ‘ಕೃಷ್ಣ’, ಅದಕ್ಕೆ ಚಿತ್ರ ಬರೆದವರು ರಾಮ್ ವಾಯೀರ್ಕರ್. ಇಂದು ನಾವು ಅಮರ ಚಿತ್ರ ಕಥೆ ಎನ್ನುವುದು ಅಲ್ಲಿಂದ ಶುರುವಾದದ್ದು.

ಪ್ರಾಣ್ ಅವರ ಪೂರ್ತಿ ಹೆಸರು ಪ್ರಾಣ್ ಕುಮಾರ್ ಶರ್ಮಾ. 1938ರ ಆಗಸ್ಟ್ 15ರಂದು ಲಾಹೋರಿಗೆ ಸಮೀಪದ ಕಸೂರಿನಲ್ಲಿ ಹುಟ್ಟಿದರು. ದೇಶ ವಿಭಜನೆಯಾದಾಗ ಕುಟುಂಬ ಗ್ವಾಲಿಯರಿಗೆ ಬಂತು. ಗಡಿ ಎಳೆದಾಗ ಮನೆ ಒಂದು ಕಡೆ, ಬದುಕು ಇನ್ನೊಂದು ಕಡೆ ಆಗುವುದು ಏನೆಂದು ನಮ್ಮ ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ; ಅವರದು ನಮ್ಮದಕ್ಕಿಂತ ಬಹಳ ಕಠಿಣವಾದ ಗಡಿ. 1960ರಲ್ಲಿ ದೆಹಲಿಯ ‘ಮಿಲಾಪ್’ ಪತ್ರಿಕೆಗೆ ‘ಡಾಬು’ ಎಂಬ ಚಿತ್ರಮಾಲೆ ಬರೆಯುವ ಮೂಲಕ ಕೆಲಸ ಆರಂಭಿಸಿದರು. 1970ರ ಆಸುಪಾಸಿನಲ್ಲಿ ‘ಲೋಟ್‌ಪೋಟ್’ ಎಂಬ ಹಿಂದಿ ಮಕ್ಕಳ ಪತ್ರಿಕೆಯಲ್ಲಿ ಚಾಚಾ ಚೌಧರಿ ಕಾಣಿಸಿಕೊಂಡ. 1978ರಲ್ಲಿ ಹುಟ್ಟಿದ ಡೈಮಂಡ್ ಕಾಮಿಕ್ಸ್ ಸಂಸ್ಥೆ ಮುಂದೆ ಆ ಪಾತ್ರವನ್ನು ಪುಸ್ತಕವಾಗಿ ಊರೂರಿಗೂ ತಲುಪಿಸಿತು.

ಇಲ್ಲಿ ಒಂದು ಮಾತು ಗಮನಿಸಬೇಕು. ಇಬ್ಬರ ನಿಜವಾದ ಎದುರಾಳಿ ಒಬ್ಬನೇ: ಪರದೇಶದಿಂದ ಬಂದ ಚಿತ್ರಕಥೆಯ ನಾಯಕ. ಅವನಿಗೆ ಪೈ ಪುರಾಣ, ಇತಿಹಾಸದಿಂದ ಉತ್ತರ ಕೊಟ್ಟರು. ಪ್ರಾಣ್ ಪಕ್ಕದ ಬೀದಿಯಿಂದ ಉತ್ತರ ಕೊಟ್ಟರು.

ಬರೆದವರು ಯಾರು?

ಹೋಲಿಸುವಾಗ ಮೊದಲು ನೋಡಬೇಕಾದದ್ದು ಇದು. ಪ್ರಾಣ್ ತಮ್ಮ ಕಥೆಯನ್ನು ತಾವೇ ಹೆಣೆದು, ತಾವೇ ಚಿತ್ರ ಬರೆದವರು. ಬಿಲ್ಲೂ, ಪಿಂಕಿ, ರಮಣ್, ಶ್ರೀಮತೀಜಿ ಎಲ್ಲವೂ ಅವರದೇ ಕೈಯವು. ಮುಂದೆ ಸಹಾಯಕರು ಬಂದರೂ ಅಚ್ಚು ಒಂದೇ.

ಅಮರ ಚಿತ್ರ ಕಥೆ ಹಾಗಲ್ಲ. ಪೈ ಅವರು ಕೆಲವು ಕಥೆಗಳನ್ನು ಸ್ವತಃ ಬರೆದರು. ಆದರೆ ಅವರ ದೊಡ್ಡ ಕೆಲಸ ಸಂಪಾದಕರದು. ಕಮಲಾ ಚಂದ್ರಕಾಂತ್, ಲೂಯಿಸ್ ಫರ್ನಾಂಡಿಸ್ ಮೊದಲಾದವರು ಕಥೆ ಬರೆದರು. ಪ್ರತಾಪ್ ಮುಳಿಕ್, ದಿಲೀಪ್ ಕದಂ, ವಾಯೀರ್ಕರ್ ಚಿತ್ರ ಬರೆದರು. ಯಾವ ಕಥೆ, ಯಾವ ಆಧಾರ, ಎಷ್ಟು ಹೇಳಬೇಕು, ಏನು ಬಿಡಬೇಕು ಎಂಬುದನ್ನು ಪೈ ನೋಡಿಕೊಂಡರು. ಒಂದು ಹಾಡುಗಾರನ ಕಚೇರಿ, ಇನ್ನೊಂದು ಭಜನಾ ಮಂಡಳಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವಾಗ ಈ ವ್ಯತ್ಯಾಸ ಮರೆಯಬಾರದು. ಪೈ ಅವರ ಪುಸ್ತಕಗಳಲ್ಲಿ ಗುಣಮಟ್ಟ ಒಂದರಿಂದ ಒಂದಕ್ಕೆ ಏರಿಳಿಯುತ್ತದೆ. ಪ್ರಾಣ್ ಅವರದು ಏರಿಳಿಯುವುದು ಕಡಿಮೆ, ಆದರೆ ಹೊಸತು ಬರುವುದೂ ಕಡಿಮೆ.

ಒಂದೇ ಕಳ್ಳತನ, ಎರಡು ಬಗೆ

ಶೈಲಿಯ ವ್ಯತ್ಯಾಸ ತಿಳಿಯಲು ಒಂದು ಪ್ರಸಂಗ ಊಹಿಸಿಕೊಳ್ಳಿ: ಊರಿನಲ್ಲಿ ಒಂದು ಕಳ್ಳತನ ಆಗಿದೆ.

ಅಮರ ಚಿತ್ರ ಕಥೆಯಲ್ಲಾದರೆ ಚಿತ್ರದ ಮೇಲೆ ಒಂದು ಪಟ್ಟಿಯಲ್ಲಿ ಯಾವ ರಾಜ್ಯ, ಯಾವ ರಾಜ ಎಂಬ ವಿವರಣೆ ಬರುತ್ತದೆ. ಆಸ್ಥಾನ, ಕಂಬಗಳು, ಆಭರಣ ಎಲ್ಲವೂ ಚಿತ್ರದಲ್ಲಿರುತ್ತವೆ. ಪಾತ್ರಗಳು ಗ್ರಂಥದ ಭಾಷೆಯಲ್ಲಿ ಗಂಭೀರವಾಗಿ ಮಾತಾಡುತ್ತವೆ. ಕೊನೆಗೆ ಕಳ್ಳನಿಗೆ ಶಿಕ್ಷೆಯೋ ಮನಃಪರಿವರ್ತನೆಯೋ ಆಗಿ, ಒಂದು ನೀತಿ ಉಳಿಯುತ್ತದೆ. ಒಂದು ಪುಸ್ತಕಕ್ಕೆ ಸಾಮಾನ್ಯವಾಗಿ 32 ಪುಟ, ಒಂದೇ ನಾಯಕ, ಹುಟ್ಟಿನಿಂದ ಕೀರ್ತಿಯವರೆಗೆ. ಒಳರಕ್ಷಾಪುಟದಲ್ಲಿ ಆ ಕಥೆಯ ಹಿನ್ನೆಲೆಯೂ ಇರುತ್ತದೆ.

ಪ್ರಾಣ್ ಅವರಲ್ಲಾದರೆ ವಿವರಣೆಯ ಪಟ್ಟಿ ಇಲ್ಲವೇ ಇಲ್ಲ ಎನ್ನಬಹುದು. ಕೆಂಪು ಮುಂಡಾಸು, ಬಿಳಿ ಮೀಸೆ, ಕೈಯಲ್ಲಿ ಕೋಲು ಹಿಡಿದ ಚಾಚಾ ಸಂತೆಗೆ ಹೊರಟಿರುತ್ತಾನೆ. ಎರಡು ಗೆರೆಯ ಗೋಡೆ, ಒಂದು ಮರ, ಅಷ್ಟೇ ಹಿನ್ನೆಲೆ. ಕಳ್ಳ ಬರುತ್ತಾನೆ. ಚಾಚಾ ಒಂದು ಉಪಾಯ ಹೂಡುತ್ತಾನೆ. ಗುರು ಗ್ರಹದಿಂದ ಬಂದ ದೈತ್ಯ ಸಾಬು ಒಂದು ಏಟು ಕೊಡುತ್ತಾನೆ. ಕೆಲವೇ ಪುಟಕ್ಕೆ ಕಥೆ ಮುಗಿದು ಮುಂದಿನದು ಶುರುವಾಗುತ್ತದೆ. ಮಾತು ಗಿಡ್ಡ, ಮನೆಯಲ್ಲಿ ಆಡುವಂಥದ್ದು.

ಹೀಗಾಗಿ ಪೈ ಅವರ ಪುಸ್ತಕವನ್ನು ಓದಬೇಕು. ಚಿತ್ರ ಮಾತ್ರ ನೋಡಿದರೆ ಅರ್ಧ ಕಥೆ ತಿಳಿಯುವುದಿಲ್ಲ. ಪ್ರಾಣ್ ಅವರದ್ದರಲ್ಲಿ ಓದು ಬಾರದ ಮಗುವಿಗೂ ಏನಾಯಿತು ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ.

ಕೊರತೆಗಳು

ಅಮರ ಚಿತ್ರ ಕಥೆಯ ಮೇಲೆ ವಿದ್ವಾಂಸರು ಬಹಳ ಹಿಂದಿನಿಂದ ಕೆಲವು ಆಕ್ಷೇಪ ಎತ್ತಿದ್ದಾರೆ. ನಾಯಕರು ಬೆಳ್ಳಗೆ, ಅಸುರರು ಕಪ್ಪಗೆ ದಪ್ಪಗೆ ಇರುತ್ತಾರೆ. ಹೆಣ್ಣು ಹೆಚ್ಚಾಗಿ ತ್ಯಾಗಕ್ಕೆ, ಪಾತಿವ್ರತ್ಯಕ್ಕೆ ಮಾದರಿಯಾಗುತ್ತಾಳೆ; ಝಾನ್ಸಿ ರಾಣಿಯಂಥವರ ಪುಸ್ತಕಗಳು ಇದಕ್ಕೆ ಹೊರತು. ನೂರು ಬಗೆಯಲ್ಲಿ ಹೇಳುವ ಕಥೆಯ ಒಂದೇ ಪಾಠ ಅಚ್ಚಾಗಿ, ಮಕ್ಕಳು ಅದೇ ಸರಿ, ಉಳಿದದ್ದು ತಪ್ಪು ಎಂದುಕೊಳ್ಳುತ್ತಾರೆ. ಯಕ್ಷಗಾನದಲ್ಲಿ, ಬಯಲಾಟದಲ್ಲಿ ಒಂದೇ ಪ್ರಸಂಗವನ್ನು ಬೇರೆ ಬೇರೆಯಾಗಿ ಕಂಡಿರುವ ನಮ್ಮ ಕಡೆಯವರಿಗೆ ಈ ಮಾತು ಬೇಗ ಅರ್ಥವಾದೀತು.

ಪ್ರಾಣ್ ಅವರಲ್ಲಿ ಬೇರೆ ಕೊರತೆ. ಎಲ್ಲ ತೊಂದರೆಗೂ ಚಾಚಾನ ಉಪಾಯ ಇಲ್ಲವೇ ಸಾಬುವಿನ ಮುಷ್ಟಿಯೇ ಮದ್ದು. ಹತ್ತು ಕಥೆ ಓದಿದವನಿಗೆ ಹನ್ನೊಂದನೆಯದರ ಕೊನೆ ಮೊದಲೇ ತಿಳಿಯುತ್ತದೆ. ಚಾಚಿ ಬೈಯುವುದಕ್ಕೂ ರೊಟ್ಟಿ ಬೇಯಿಸುವುದಕ್ಕೂ ಮೀರಿ ಹೋಗುವುದು ಅಪರೂಪ. ಆದರೂ ಒಂದು ಮಾತು ಹೇಳಬೇಕು: ಅಳಿಲು ಸಾಕಿಕೊಂಡು ನೆರೆಮನೆಯವರನ್ನು ಕಾಡುವ ಪಿಂಕಿ ಯಾರಿಗೂ ಮಾದರಿಯಲ್ಲ, ಬರೀ ಒಂದು ತುಂಟ ಹುಡುಗಿ. ಹೆಣ್ಣುಮಗುವಿಗೆ ತುಂಟತನ ಮಾಡಲು ಬಿಟ್ಟ ಚಿತ್ರಕಥೆ ಆ ಕಾಲದಲ್ಲಿ ಸಣ್ಣ ವಿಷಯವಲ್ಲ.

ಒಬ್ಬರ ಹೊಲದಲ್ಲಿ ಇನ್ನೊಬ್ಬರು

ಇಬ್ಬರೂ ಕೊನೆಯವರೆಗೆ ತಮ್ಮ ತಮ್ಮ ಗೆರೆಯೊಳಗೇ ಇದ್ದರು ಎಂದುಕೊಂಡರೆ ಅದು ಸರಿಯಲ್ಲ. 1980ರಲ್ಲಿ ಪೈ ‘ಟಿಂಕಲ್’ ಶುರುಮಾಡಿದರು. ಅದರಲ್ಲಿ ಹೇಳಿದ್ದನ್ನು ಹೇಳಿದಂತೆಯೇ ಮಾಡಿ ಅನಾಹುತ ತರುವ ಸುಪ್ಪಂಡಿ ಬಂದ, ಹೆದರುಪುಕ್ಕಲ ಬೇಟೆಗಾರ ಶಿಕಾರಿ ಶಂಭು ಬಂದ. ಕೃಷ್ಣನನ್ನು ಬರೆದ ವಾಯೀರ್ಕರ್ ಅವರ ಕೈಯೇ ಸುಪ್ಪಂಡಿಯನ್ನೂ ಬರೆಯಿತು. ನಗು ಇಲ್ಲದೆ ಮಗು ನಿಲ್ಲುವುದಿಲ್ಲ ಎಂಬುದನ್ನು ಪೈ ಚೆನ್ನಾಗಿ ಅರಿತಿದ್ದರು. ಮಕ್ಕಳು ಅವರನ್ನು ‘ಅಂಕಲ್ ಪೈ’ ಎಂದು ಕರೆದದ್ದು ಈ ಪತ್ರಿಕೆಯ ಕಾಲದಲ್ಲೇ ಗಟ್ಟಿಯಾಯಿತು.

ಇತ್ತ ಪ್ರಾಣ್ 1983ರಲ್ಲಿ ರಮಣ್ ಪಾತ್ರವನ್ನಿಟ್ಟು ರಾಷ್ಟ್ರೀಯ ಐಕ್ಯದ ಬಗ್ಗೆ ಒಂದು ಪುಸ್ತಕ ಮಾಡಿದರು. ಅದನ್ನು ಬಿಡುಗಡೆ ಮಾಡಿದ್ದು ಪ್ರಧಾನಿ ಇಂದಿರಾ ಗಾಂಧಿ. ಪಾಠ ಹೇಳುವವರು ನಗಿಸಲು ಬಂದರು, ನಗಿಸುವವರು ಪಾಠ ಹೇಳಲು ಹೋದರು.

ಪೈ 2011ರ ಫೆಬ್ರವರಿ 24ರಂದು ತೀರಿಕೊಂಡರು. ಪ್ರಾಣ್ 2014ರ ಆಗಸ್ಟ್‌ನಲ್ಲಿ. ಮರುವರ್ಷ ಅವರಿಗೆ ಮರಣೋತ್ತರವಾಗಿ ಪದ್ಮಶ್ರೀ ಬಂತು.

ಹಾಗಾದರೆ ನಮ್ಮ ಕಪಾಟಿಗೆ?

ನಮ್ಮ ಮಕ್ಕಳ ಸ್ಥಿತಿ ಬೆಂಗಳೂರು, ಮೈಸೂರಿನ ಮಕ್ಕಳ ಹಾಗಲ್ಲ. ಮನೆಯಲ್ಲಿ ಕನ್ನಡ ಆಡುತ್ತಾರೆ; ಬಹಳ ಮಂದಿ ಶಾಲೆಯಲ್ಲಿ ಮಲಯಾಳವನ್ನೋ ಮರಾಠಿಯನ್ನೋ ತಮಿಳನ್ನೋ ತೆಲುಗನ್ನೋ ಇಂಗ್ಲಿಷನ್ನೋ ಓದುತ್ತಾರೆ. ಕನ್ನಡ ಅಕ್ಷರ ಕಂಡರೆ ಅವರು ತಡವರಿಸುತ್ತಾರೆ. ಇಂಥ ಮಗುವಿನ ಕೈಗೆ ಮೊದಲೇ ದೊಡ್ಡ ವಿವರಣೆಯ, ಗ್ರಂಥಭಾಷೆಯ ಪುಟ ಕೊಟ್ಟರೆ ಅದು ಪುಸ್ತಕ ಮುಚ್ಚಿಡುತ್ತದೆ. ಬರೀ ಗಿಡ್ಡ ಮಾತಿನ ನಗೆಕಥೆಯನ್ನೇ ಕೊಡುತ್ತಾ ಹೋದರೆ ಅದರ ಕನ್ನಡ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ನನ್ನ ಸಲಹೆ ಹೀಗಿದೆ:

1. ಏಳೆಂಟು ವರ್ಷದೊಳಗಿನವರಿಗೆ ಪ್ರಾಣ್ ಅವರ ಬಗೆಯ ಮತ್ತು ಸುಪ್ಪಂಡಿಯ ಬಗೆಯ ಗಿಡ್ಡ ಕಥೆಗಳು. ಕನ್ನಡದಲ್ಲಿ ಸಿಕ್ಕದಿದ್ದರೆ ಹಿಂದಿ, ಇಂಗ್ಲಿಷಿನದೇ ಇರಲಿ. ಚಿತ್ರ ತೋರಿಸಿ, ಪಾತ್ರಗಳ ಮಾತನ್ನು ಮಗುವಿನಿಂದಲೇ ಮನೆಯ ಕನ್ನಡದಲ್ಲಿ ಹೇಳಿಸಿ. ಚಾಚಾ ಕಾಸರಗೋಡಿನಲ್ಲಿ ಒಂದು ಬಗೆ ಮಾತಾಡಲಿ, ಅಕ್ಕಲಕೋಟೆಯಲ್ಲಿ ಇನ್ನೊಂದು ಬಗೆ, ತಾಳವಾಡಿಯಲ್ಲಿ ಮತ್ತೊಂದು ಬಗೆ.

2. ಅದಕ್ಕೆ ಮೇಲ್ಪಟ್ಟವರಿಗೆ ಅಮರ ಚಿತ್ರ ಕಥೆ, ಸಾಧ್ಯವಾದಷ್ಟೂ ಕನ್ನಡ ಪ್ರತಿ. ಬಸವೇಶ್ವರ, ಪುರಂದರ ದಾಸ, ಕೃಷ್ಣದೇವರಾಯ ಈ ಮಾಲೆಯಲ್ಲಿ ಇದ್ದಾರೆ, ಅಲ್ಲಿಂದ ಶುರುಮಾಡಬಹುದು.

3. ಅಮರ ಚಿತ್ರ ಕಥೆ ಓದಿದ ಮಗುವಿಗೆ ಹಿರಿಯರೊಬ್ಬರು ಅದೇ ಕಥೆಯನ್ನು ತಾವು ಕೇಳಿದ ಹಾಗೆ ಹೇಳಲಿ. ಎಲ್ಲಿ ಬೇರೆಯಾಯಿತು ಎಂದು ಮಗುವೇ ಹುಡುಕಲಿ. ಒಂದೇ ಪಾಠವಲ್ಲ ಎಂಬುದು ಹಾಗೆ ತಿಳಿಯುತ್ತದೆ.

ಇಬ್ಬರಲ್ಲಿ ಯಾರು ದೊಡ್ಡವರು ಎಂಬ ಪ್ರಶ್ನೆಗೆ ಮತ ಹಾಕುವ ಅಗತ್ಯ ಇಲ್ಲ ಎಂದು ನನಗೆ ತೋರುತ್ತದೆ. ಮಗು ಪುಸ್ತಕವನ್ನು ತಾನಾಗಿ ಕೈಗೆತ್ತಿಕೊಳ್ಳುವಂತೆ ಮಾಡುವುದು ಪ್ರಾಣ್ ಅವರ ಕೆಲಸ. ಎತ್ತಿಕೊಂಡ ಪುಸ್ತಕದಿಂದ ಮಗು ಮುಂದಿನ ಪುಸ್ತಕಕ್ಕೆ ಹೋಗುವಂತೆ ಮಾಡುವುದು ಪೈ ಅವರ ಕೆಲಸ. ನಮಗೆ ಎರಡೂ ಬೇಕು.

ಸದಸ್ಯರು ತಮ್ಮ ಅಭಿಪ್ರಾಯವನ್ನು ಸಭೆಗೆ ಮೊದಲು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ. ಮನೆಯ ಅಟ್ಟದ ಮೇಲೆ ಹಳೆಯ ಕನ್ನಡ ಚಿತ್ರಕಥೆ ಪುಸ್ತಕಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ, ವಾಚನಾಲಯಕ್ಕೆ ಕೊಡಿ. ಹರಿದಿದ್ದರೂ ಪರವಾಗಿಲ್ಲ, ಅಂಟಿಸಿ, ರಟ್ಟು ಹಾಕಿ ಕೊಡುವ ಕೆಲಸ ನಾನು ಮಾಡುತ್ತೇನೆ.

ಕಾರ್ಯದರ್ಶಿ