ನಿಮಗಿದು ಗೊತ್ತೆ? ಲ್ಯಾಬಿಗೆ ಹೋದ ಚೈನಾ ಗ್ರಾಸ್

ಬ್ಯಾಕ್ಟೀರಿಯಾ ಯಾವುದೆಂದು ಗುರುತಿಸಲು ಮೊದಲು ಅದನ್ನು ಉಳಿದವುಗಳಿಂದ ಬಿಡಿಸಿ ಬೆಳೆಸಬೇಕು. ದ್ರವದಲ್ಲಿ ಎಲ್ಲವೂ ಕಲಸಿಹೋಗುತ್ತವೆ. ಗಟ್ಟಿ ಮೇಲ್ಮೈಯಲ್ಲಾದರೆ ಒಂದೊಂದೂ ಬಿದ್ದಲ್ಲೇ ಬೆಳೆದು, ಸಾಸಿವೆಕಾಳಿನಂಥ ಚುಕ್ಕೆಯಾಗಿ ಕಣ್ಣಿಗೆ ಕಾಣುತ್ತದೆ. ಜರ್ಮನಿಯ ರಾಬರ್ಟ್ ಕಾಖ್ ಇದಕ್ಕೆ ಜೆಲಾಟಿನ್ ಬಳಸುತ್ತಿದ್ದರು. ಆದರೆ ನಮ್ಮ ಮೈಯ ಬಿಸಿಯಾದ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಕರಗಿ ನೀರಾಗುತ್ತಿತ್ತು. ಕೆಲವು ಬ್ಯಾಕ್ಟೀರಿಯಾಗಳಂತೂ ಅದನ್ನೇ ತಿಂದು ಕರಗಿಸಿಬಿಡುತ್ತಿದ್ದವು.

ಕಾಖ್ ಅವರ ಪ್ರಯೋಗಾಲಯದಲ್ಲಿದ್ದ ವಾಲ್ಟರ್ ಹೆಸ್ಸೆ ಅವರಿಗೂ ಇದೇ ತಲೆನೋವು. 1881ರಲ್ಲಿ ದಾರಿ ತೋರಿಸಿದವರು ಅವರ ಹೆಂಡತಿ ಫ್ಯಾನಿ. ಬೇಸಿಗೆಯಲ್ಲೂ ಕರಗದ ಜೆಲ್ಲಿ ಮಾಡಲು ಆಕೆ ಹಾಕುತ್ತಿದ್ದುದು ಅಗರ್. ಕಡಲಪಾಚಿಯಿಂದ ತೆಗೆಯುವ ಈ ವಸ್ತು ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಕರಗಲು ಸುಮಾರು 85 ಡಿಗ್ರಿ ಬೇಕು. ಆರುತ್ತಾ 40ರ ಆಸುಪಾಸಿಗೆ ಇಳಿದಾಗ ಗಟ್ಟಿಯಾಗುತ್ತದೆ. ಬಹುತೇಕ ಬ್ಯಾಕ್ಟೀರಿಯಾಗಳಿಗೆ ಅದನ್ನು ಅರಗಿಸಿಕೊಳ್ಳಲಾಗದು.

1882ರಲ್ಲಿ ಕ್ಷಯದ ರೋಗಾಣುವಿನ ಬಗ್ಗೆ ಬರೆದಾಗ ಕಾಖ್ ಅಗರ್ ಅನ್ನು ಹೆಸರಿಸಿದರು, ಹೆಸ್ಸೆ ದಂಪತಿಯನ್ನು ಹೆಸರಿಸಲಿಲ್ಲ. ಇದು ಆ ಹೆಣ್ಣುಮಗಳಿಗೆ ಆದ ಅನ್ಯಾಯವೇ ಸರಿ.

ಇಂದಿಗೂ ಆಸ್ಪತ್ರೆಯಲ್ಲಿ ಮೂತ್ರವನ್ನೋ ಕೀವನ್ನೋ ‘ಕಲ್ಚರ್’ಗೆ ಕೊಟ್ಟರೆ, ಅದನ್ನು ಸವರುವುದು ಅಗರ್ ತಟ್ಟೆಯ ಮೇಲೆಯೇ. ಬೆಳೆದ ಬ್ಯಾಕ್ಟೀರಿಯಾವನ್ನು ಇನ್ನೊಂದು ತಟ್ಟೆಗೆ ಹರಡಿ, ಆ್ಯಂಟಿಬಯಾಟಿಕ್ ಅದ್ದಿದ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಮರುದಿನ ಯಾವ ಬಿಲ್ಲೆಯ ಸುತ್ತ ಸಾಕಷ್ಟು ಅಗಲದ ತಿಳಿಯಾದ ಬಳೆ ಮೂಡಿರುತ್ತದೋ, ಆ ಔಷಧಿಗೆ ಈ ಬ್ಯಾಕ್ಟೀರಿಯಾ ಬಗ್ಗುತ್ತದೆ ಎಂದರ್ಥ.