ನಸೀಬ್‌ಗೆ ಬೈಯುವ ಮೊದಲು

ಬೆಳಗ್ಗೆ ಮದ್ರಸ ಬಿಟ್ಟ ಮೇಲೆ ನಾನು ಚಹಾ ಕುಡಿಯೋದು ಯಲಹಂಕದ ಕೋಗಿಲು ಕ್ರಾಸ್ ಹತ್ತಿರದ ಒಂದು ಬೇಕರಿಯಲ್ಲಿ. ಅಲ್ಲಿ ಕೆಲಸಕ್ಕಿರುವ ಹುಡುಗ ನಮ್ಮ ಊರಿನ ಕಡೆಯವನೇ, ಬಂಟ್ವಾಳ ತಾಲೂಕಿನವನು. ವಯಸ್ಸು 19. ಎಸೆಸೆಲ್ಸಿಯಲ್ಲಿ ಗಣಿತ, ವಿಜ್ಞಾನ ಎರಡೂ ಹೋಗಿವೆ. ಮುಂಜಾನೆ ಶಟರ್ ಎತ್ತಿದರೆ ರಾತ್ರಿ ಹತ್ತರ ಮೇಲೆಯೇ ಇಳಿಸುವುದು.

ಒಂದು ದಿನ ಕೇಳಿದೆ, “ಮುಂದೆ ಏನು ಮೋನು?”

“ಏನು ಉಸ್ತಾದ್, ನನ್ನ ನಸೀಬೇ ಇಷ್ಟು” ಅಂದ. ಆಮೇಲೆ ಒಂದೊಂದೇ ಹೇಳಿದ. ಹತ್ತನೇ ಕ್ಲಾಸಿನಲ್ಲಿ ಅರ್ಧ ವರ್ಷ ಗಣಿತಕ್ಕೆ ಮೇಷ್ಟ್ರೇ ಇರಲಿಲ್ಲ. ತಂದೆಗೆ ಕಾಯಿಲೆ. ತಂಗಿಯ ಮದುವೆಯ ಸಾಲ. ಬೆಂಗಳೂರಿಗೆ ಕರೆತಂದ ಮಾಮ ಆರು ತಿಂಗಳ ಮಟ್ಟಿಗೆ ಅಂದಿದ್ದರು, ಮೂರು ವರ್ಷ ಆಯ್ತು.

ನಾನು ಬುದ್ಧಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನೇ ಕೇಳಿದ, “ನೀವ್ಯಾಕೆ ಉಸ್ತಾದ್ ಪಿಯುಸಿಗೇ ನಿಲ್ಲಿಸಿದ್ರಿ?”

ನಾನೂ ಶುರು ಮಾಡಿದೆ. ಮನೆಯಲ್ಲಿ ಕಷ್ಟ ಇತ್ತು, ದಾರಿ ಹೇಳುವವರು ಇರಲಿಲ್ಲ, ಬೇಗ ದುಡಿಯಬೇಕಾಯಿತು, ಆಮೇಲೆ ಮಕ್ಕಳಾದವು... ಹೇಳುತ್ತಾ ಹೇಳುತ್ತಾ ನನಗೇ ನಾಚಿಕೆಯಾಯಿತು. ಅವನ ಪಟ್ಟಿಯೇ ನನ್ನದೂ. ಅವನದ್ದು ಮೂರು ವರ್ಷ ಹಳೆಯದು, ನನ್ನದು ಇಪ್ಪತ್ತು ವರ್ಷ ಹಳೆಯದು. ವ್ಯತ್ಯಾಸ ಅಷ್ಟೇ.

ಅವತ್ತು ಮನೆಗೆ ಹೋಗುವಾಗ ನೆನಪಾದವರು ನಮ್ಮ ಹರೇಕಳ ಹಾಜಬ್ಬ. ಅವರ ಕತೆ ಗೊತ್ತಿಲ್ಲದ ಬ್ಯಾರಿ ಮನೆ ಇಲ್ಲ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ವಿದೇಶಿಯೊಬ್ಬರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು, ಇವರಿಗೆ ಉತ್ತರ ಕೊಡಲಾಗಲಿಲ್ಲ. ಶಾಲೆಯ ಮೆಟ್ಟಿಲು ಹತ್ತಲಾಗದ್ದು ಹಾಜಬ್ಬರ ತಪ್ಪಾ? ಖಂಡಿತ ಅಲ್ಲ. ಬಡತನದ ತಪ್ಪು, ಊರಲ್ಲಿ ಶಾಲೆ ಇಲ್ಲದ್ದರ ತಪ್ಪು. ಹಾಗಂತ ಹೇಳಿಕೊಂಡು ಮರುದಿನವೂ ಕಿತ್ತಳೆ ಮಾರಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ.

ಅವರು ಹಾಗೆ ಮಾಡಲಿಲ್ಲ. ತನಗಾದದ್ದು ನ್ಯೂಪಡ್ಪುವಿನ ಮಕ್ಕಳಿಗೆ ಆಗಬಾರದು ಅಂತ ಹೊರಟರು. ಹಣ್ಣು ಮಾರಿದ ದುಡ್ಡಿನಲ್ಲಿ ಉಳಿಸಿದರು, ದಾನಿಗಳ ಮನೆ ಬಾಗಿಲಿಗೆ ಹೋದರು, ಸರಕಾರಿ ಕಚೇರಿಗಳಿಗೆ ಅಲೆದರು. 28 ಮಕ್ಕಳಿಂದ ಶುರುವಾದ ಶಾಲೆ ಸರಕಾರಿ ಶಾಲೆಯಾಗಿ ಹೈಸ್ಕೂಲ್‌ವರೆಗೆ ಬೆಳೆಯಿತು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರ್ 8ರಂದು ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ಹೋಗಿ ಅದನ್ನು ಸ್ವೀಕರಿಸಿದರು. ಪ್ರಶಸ್ತಿ ಬಂದ ಮೇಲೆ ಸುಮ್ಮನೆ ಕೂತರಾ? ಊರಿಗೆ ಪಿಯು ಕಾಲೇಜು ಬೇಕು ಅಂತ ಮತ್ತೆ ಕೇಳತೊಡಗಿದರು.

ನಾವು ಹಾಜಬ್ಬರನ್ನು ಹೊಗಳುತ್ತೇವೆ, ಸನ್ಮಾನ ಮಾಡುತ್ತೇವೆ, ಫೋಟೊ ಸ್ಟೇಟಸ್ ಹಾಕುತ್ತೇವೆ. ಆದರೆ ಅವರ ಬದುಕಿನಿಂದ ಕಲಿಯಬೇಕಾದದ್ದು ಒಂದು ಸಣ್ಣ ಮಾತು. ತಪ್ಪು ಯಾರದ್ದು ಅನ್ನುವುದು ಒಂದು ಪ್ರಶ್ನೆ, ಇನ್ನು ಮುಂದೆ ಮಾಡಬೇಕಾದವರು ಯಾರು ಅನ್ನುವುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ತಂದೆ, ಮೇಷ್ಟ್ರು, ಸರಕಾರ ಯಾರು ಬೇಕಾದರೂ ಆಗಬಹುದು. ಎರಡನೆಯದಕ್ಕೆ ಉತ್ತರ ಹೆಚ್ಚಿನ ಸಲ ನಾವೇ.

ನಸೀಬ್ ಮೇಲೆ ಹಾಕಿ ಸುಮ್ಮನಿರುವುದನ್ನು ಕೆಲವರು ತವಕ್ಕುಲ್ ಅಂದುಕೊಂಡಿದ್ದಾರೆ. ಒಂಟೆಯನ್ನು ಕಟ್ಟಿಹಾಕುವ ಪಾಠವನ್ನು ಮದ್ರಸದ ಸಣ್ಣ ಮಕ್ಕಳೂ ಕಲಿತಿರುತ್ತಾರೆ. ಹಗ್ಗ ನಮ್ಮ ಕೈಯಲ್ಲಿದೆ. ಕಟ್ಟದೆ ಬಿಟ್ಟು ಒಂಟೆ ಹೋಯಿತು ಅಂತ ಅಳುವುದು ತವಕ್ಕುಲ್ ಅಲ್ಲ, ಸೋಮಾರಿತನ. ಮಕ್ಕಳಿಗೆ ಇದನ್ನು ವರ್ಷವರ್ಷ ಕಲಿಸುವ ನಾನೇ ಹಗ್ಗ ಹಿಡಿದಿರಲಿಲ್ಲ ಅನ್ನೋದು ಬೇರೆ ಮಾತು.

ದಾರಿಗಳಂತೂ ಇವೆ. ಎಸೆಸೆಲ್ಸಿ, ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿವೆ. ಒಂದು ತಪ್ಪಿದರೆ ಇಡೀ ವರ್ಷ ಕಾಯಬೇಕಾಗಿಲ್ಲ. ಶಾಲೆಯನ್ನೇ ಬಿಟ್ಟವರಿಗೆ ರಾಷ್ಟ್ರೀಯ ಮುಕ್ತ ಶಾಲೆ ಇದೆ, ಅದಕ್ಕೆ ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಕೆಲಸದಲ್ಲಿದ್ದುಕೊಂಡೇ ಡಿಗ್ರಿ ಮಾಡುವವರಿಗೆ 1996ರಲ್ಲಿ ಸ್ಥಾಪನೆಯಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇದೆ. ವೃತ್ತಿಪರ ಕೋರ್ಸ್‌ಗೆ ಹೋಗುವವರು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲದ ಬಗ್ಗೆ ವಿಚಾರಿಸಬಹುದು. ಅರ್ಜಿ ಮಾತ್ರ ನಾವೇ ಹಾಕಬೇಕು.

ಇಷ್ಟು ಹೇಳಿದರೆ ಉಳಿದವರ ಜವಾಬ್ದಾರಿ ಮುಗಿಯಿತು ಅಂತಲ್ಲ. ಬೇಕರಿ, ಹೋಟೆಲ್, ಜ್ಯೂಸ್ ಅಂಗಡಿ ಇಟ್ಟಿರುವ ನಮ್ಮ ಸಾಹುಕಾರರಲ್ಲಿ ಒಂದು ವಿನಂತಿ. ಓದುತ್ತೇನೆ ಅನ್ನುವ ಹುಡುಗನಿಗೆ ದಿನಕ್ಕೆ ಎರಡು ಗಂಟೆ ಬಿಟ್ಟುಕೊಡಿ, ಪರೀಕ್ಷೆಗೆ ರಜೆ ಕೊಡಿ. ಹಾಜಬ್ಬರೂ ಒಬ್ಬರೇ ಶಾಲೆ ಕಟ್ಟಿದ್ದಲ್ಲ. ಅವರು ಮೊದಲು ಹೆಜ್ಜೆ ಇಟ್ಟರು, ಆಮೇಲೆ ಜನ ಕೈ ಸೇರಿಸಿದರು.

ನಮ್ಮ ಬೇಕರಿ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಅವನು ಪರೀಕ್ಷೆಗೆ ಕಟ್ಟುವುದು, ನಾನು ಮುಕ್ತ ವಿವಿಯಲ್ಲಿ ಬಿಎಗೆ ಸೇರುವುದು. ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಲ್ಲಿ ಗಲ್ಲಾದ ಹಿಂದೆ ಅವನು ಗಣಿತ ಬಿಡಿಸಿದ. ಗಣಿತ ಪಾಸಾಯಿತು, ವಿಜ್ಞಾನ ಮತ್ತೆ ಹೋಯಿತು.

ಫಲಿತಾಂಶ ಬಂದ ದಿನ ಅವನು ಮುಖ ಸಣ್ಣ ಮಾಡಿಕೊಂಡು ಚಹಾ ತಂದಿಟ್ಟ. ನಸೀಬ್ ಅನ್ನುತ್ತಾನೇನೋ ಅಂದುಕೊಂಡೆ. “ಬೆಳಕಿನ ಪಾಠ ಸರಿಯಾಗಿ ಓದಿರಲಿಲ್ಲ ಉಸ್ತಾದ್, ಮುಂದಿನ ಪರೀಕ್ಷೆಗೆ ಮತ್ತೆ ಕಟ್ತೇನೆ” ಅಂದ. ಆಮೇಲೆ, “ನಿಮ್ಮ ಅರ್ಜಿ ಏನಾಯ್ತು?” ಅಂತ ಕೇಳಿದ.

ಮರುದಿನ ಮದ್ರಸ ಬಿಟ್ಟವನೇ ನನ್ನ ಪಿಯುಸಿ ಅಂಕಪಟ್ಟಿ ಹುಡುಕಿ ತೆಗೆದೆ. ಅರ್ಜಿ ಹಾಕಿ ಬಂದಿದ್ದೇನೆ.